ವಿಜ್ಞಾನಕಥೆಯ ಖಳನಾಯಕ: ಕರ್ನಾಟಕದ ಹಿನ್ನೆಲೆಯಲ್ಲಿ

ಕನ್ನಡದ ವಿಜ್ಞಾನಕಥಾ ಚಿತ್ರಗಳ ಚರಿತ್ರೆಯನ್ನು ಸಾಮಾನ್ಯವಾಗಿ ದಿನೇಶ್ ಬಾಬು ನಿರ್ದೇಶನದ, ಉಪೇಂದ್ರ ಅಭಿನಯದ ‘ಹಾಲಿವುಡ್’ನಿಂದ (2002) ಆರಂಭಿಸುವುದುಂಟು. ಯಂತ್ರಮಾನವನನ್ನೇ ಗುರುತಾಗಿ ಹಿಡಿದರೆ ಅದು ಸರಿ. ಖಳನ ಜಾಡು ಹಿಡಿದು ಹೊರಟರೆ ಮಾತ್ರ ಆರಂಭ 1968ಕ್ಕೆ, ದೊರೈ-ಭಗವಾನ್ ಜೋಡಿಯ ‘ಜೇಡರ ಬಲೆ’ಗೆ ಹಿಂದೆ ಸರಿಯುತ್ತದೆ. ಲೋಹವನ್ನು ಚಿನ್ನವಾಗಿಸುವ ಸೂತ್ರಕ್ಕಾಗಿ ನಡೆಯುವ ಹೊಂಚು ಅದರ ಕಥೆ. ಅದು ಪತ್ತೇದಾರಿ ಚಿತ್ರವಲ್ಲವೇ ಎಂಬ ಆಕ್ಷೇಪ ಇದ್ದದ್ದೇ. ಆದರೆ ಆ ಸೂತ್ರವನ್ನು ತೆಗೆದುಬಿಟ್ಟರೆ ಅಲ್ಲಿನ ಖಳನಿಗೆ ಮಾಡಲು ಕೆಲಸವೇ ಉಳಿಯುವುದಿಲ್ಲ. ರಾಜ್‌ಕುಮಾರ್ ಸಮಾಧಿಯಿರುವ ಕಂಠೀರವ ಸ್ಟುಡಿಯೊಗೆ ಹತ್ತಿರದ ಕುರುಬರಹಳ್ಳಿಯಂಥ ಬಡಾವಣೆಗಳಲ್ಲಿ ಆ ಚಿತ್ರದಲ್ಲಿ ಅವರು ಆಡಿದ ಪತ್ತೇದಾರ ಸಿಐಡಿ 999ರ ನೆನಪು ಇಂದಿಗೂ ಗಟ್ಟಿ. ಅವನೆದುರು ನಿಂತವರ ಬಗ್ಗೆ ಬಂದಿರುವ ಬರಹ ಕಡಿಮೆ.

ಸಿನಿಮಾದ ಖಳ ಎರಡೂವರೆ ಗಂಟೆಯಲ್ಲಿ ಸೆರೆಸಿಕ್ಕರೆ ಸಾಕು. ಧಾರಾವಾಹಿಯ ಖಳ ವಾರಗಟ್ಟಲೆ ಬಾಳಬೇಕು, ಹಾಗೆ ಬಾಳಬೇಕಾದರೆ ಸುಲಭವಾಗಿ ಕಣ್ಣಿಗೆ ಬೀಳಬಾರದು. ಈ ಗುಟ್ಟನ್ನು ಚೆನ್ನಾಗಿ ಅರಿತವರು ಬೆಂಗಳೂರಿನ ಭಾರತ್ ಎಲೆಕ್ಟ್ರಾನಿಕ್ಸ್‌ನಲ್ಲಿ ಎಂಜಿನಿಯರ್ ಆಗಿದ್ದ ಎಸ್. ರಂಗರಾಜನ್, ಅಂದರೆ ತಮಿಳು ಲೇಖಕ ಸುಜಾತ. ವಿದ್ಯುನ್ಮಾನ ಮತಯಂತ್ರದ ವಿನ್ಯಾಸದಲ್ಲಿ ಮುಖ್ಯ ಪಾತ್ರ ವಹಿಸಿದ ಇವರು 1980ರ ದಶಕದಲ್ಲಿ ‘ಆನಂದ ವಿಕಟನ್’ ವಾರಪತ್ರಿಕೆಗೆ ಬರೆದ ‘ಎನ್ ಇನಿಯ ಇಯಂದಿರಾ’ ಮುಂದೆ ದೂರದರ್ಶನದಲ್ಲಿ ಧಾರಾವಾಹಿಯಾಯಿತು. ಕಥೆ ನಡೆಯುವುದು 2021ರ ಹೊತ್ತಿನ ಭಾರತದಲ್ಲಿ. ಜನರ ಹೆಸರು ಎಷ್ಟು ಅಕ್ಷರದ್ದಿರಬೇಕು, ಎಷ್ಟು ವರ್ಷ ಬದುಕಬೇಕು ಎಂಬುದೆಲ್ಲ ಸರ್ಕಾರದ ಅಂಕೆಯಲ್ಲಿದೆ. ಆಳುವವನು ಜೀವಾ ಎಂಬ ಸರ್ವಾಧಿಕಾರಿ. ಗಂಡನನ್ನು ಹುಡುಕುತ್ತ ಹೊರಟ ನಿಲಾ, ಜೊತೆಗೆ ಜೀನೋ ಎಂಬ ಯಂತ್ರನಾಯಿ. ಕೊನೆಗೆ ತಿಳಿಯುವುದೆಂದರೆ ಜೀವಾ ಮನುಷ್ಯನೇ ಅಲ್ಲ, ಬೆಳಕಿನಿಂದ ಕಟ್ಟಿದ ಹಾಲೊಗ್ರಾಮ್ ಬಿಂಬ. ಅದರ ಹಿಂದೆ ನಿಂತು ಆಡಿಸುವವರು ಬೇರೆ. ಖಳನನ್ನು ಕೊಲ್ಲಲು ಹೋದವರಿಗೆ ಕೊಲ್ಲಲು ದೇಹವೇ ಇಲ್ಲದಂತೆ ಮಾಡಿದ್ದು ಅಪರೂಪದ ಸೃಷ್ಟಿ. ಮತ ಎಣಿಸುವ ಯಂತ್ರಕ್ಕೆ ದುಡಿದ ಎಂಜಿನಿಯರೇ ಮತದ ಹಂಗಿಲ್ಲದೆ ಆಳುವ ಬಿಂಬವನ್ನೂ ಕಲ್ಪಿಸಿದರೆಂಬುದು ಈ ಚರಿತ್ರೆಯ ಅತಿ ಮುಖ್ಯ ಸಂಗತಿ.

ತಮಿಳಿನ ಕೃತಿಗೆ ಕರ್ನಾಟಕದ ಚರಿತ್ರೆಯಲ್ಲಿ ಏಕೆ ಜಾಗ ಎಂದು ಕೇಳಬಹುದು. ಅದನ್ನು ಬರೆದ ಕೈ ಜಾಲಹಳ್ಳಿಯ ಭಾರತ್ ಎಲೆಕ್ಟ್ರಾನಿಕ್ಸ್ ಕಾರ್ಖಾನೆಯ ಪರಿಸರದಲ್ಲಿ ಪಳಗಿದ್ದು ಎಂಬುದು ಒಂದು ಉತ್ತರ. ಕನ್ನಡ ಕಿರುತೆರೆಯಲ್ಲಿ ಜೀವಾನಿಗೆ ಸರಿಗಟ್ಟುವ ಪಾತ್ರ ನೆಲೆಯೂರಲಿಲ್ಲ ಎಂಬುದು ಇನ್ನೊಂದು. ರಾಜಶೇಖರ ಭೂಸನೂರಮಠರಂಥವರು ಕನ್ನಡದಲ್ಲಿ ವಿಜ್ಞಾನಕಥೆಯನ್ನು ಬೆಳೆಸಿದ್ದರಿಂದ ಕಲ್ಪನೆಗೆ ಬರವಿತ್ತು ಎನ್ನಲಾಗದು. ಆದರೆ ಕನ್ನಡದ ಧಾರಾವಾಹಿಗಳು ಮನೆಯೊಳಗೇ ಉಳಿದವು. ಖಳತನ ಅತ್ತೆ, ನಾದಿನಿ, ಆಸ್ತಿಗೆ ಕಣ್ಣಿಟ್ಟ ದಾಯಾದಿಗಳ ಪಾಲಾಯಿತು.

ಹೀಗಾಗಿ ಇಲ್ಲಿನ ಮಕ್ಕಳಿಗೆ ಇಂಥ ಖಳ ಸಿಕ್ಕಿದ್ದು ಬೇರೆ ಭಾಷೆಯಲ್ಲಿ: 1997ರಲ್ಲಿ ಆರಂಭವಾದ ಅತಿಮಾನವನ ಧಾರಾವಾಹಿ ‘ಶಕ್ತಿಮಾನ್’ನ ಖಳ ತಮರಾಜ್ ಕಿಲ್ವಿಷ್ ಹಿಂದಿಯಲ್ಲಿ ಬಂದ. ಅಲ್ಲೂ ಅದೇ ತಂತ್ರ: ಕಿಲ್ವಿಷ್ ಕತ್ತಲಲ್ಲೇ ಕುಳಿತಿರುತ್ತಾನೆ, ಸೋಲುವವರು ಅವನ ಆಳುಗಳು. ಪ್ರಯೋಗಶಾಲೆಯ ಕೇಡನ್ನು ಅದೇ ಧಾರಾವಾಹಿಯ ವಿಜ್ಞಾನಿ ಡಾ. ಜೈಕಾಲ್ ಹೊತ್ತ. ಪರಭಾಷೆಯ ಕೃತಿಗಳನ್ನು ಕನ್ನಡಕ್ಕೆ ಡಬ್ ಮಾಡುವುದಕ್ಕೆ ಇಲ್ಲಿನ ಚಿತ್ರರಂಗದಲ್ಲಿದ್ದ ವಿರೋಧದಿಂದಾಗಿ ಇಂಥ ಪಾತ್ರಗಳಿಗೆ ಕನ್ನಡದಲ್ಲಿ ದನಿ ಸಿಗುವುದು ದುಸ್ತರವಾಗಿತ್ತು. ಅದರಿಂದ ಇಲ್ಲಿನ ಕಲಾವಿದರ ಕೆಲಸ ಉಳಿಯಿತೆಂಬ ವಾದ ನಿಜ. ಕನ್ನಡದ ಮಕ್ಕಳು ಪರಭಾಷೆಯಲ್ಲಿ ಹೆದರಬೇಕಾಯಿತೆಂಬುದೂ ಅಷ್ಟೇ ನಿಜ. 2015ರಲ್ಲಿ ಭಾರತೀಯ ಸ್ಪರ್ಧಾ ಆಯೋಗ ಈ ತಡೆಯ ವಿರುದ್ಧ ಆದೇಶ ನೀಡಿದ ಮೇಲೆ ದಾರಿ ಸಡಿಲಾಯಿತು. ಆದರೂ ಎರವಲು ದನಿಯ ಖಳನಿಂದ ಈ ಕೊರತೆ ತುಂಬದು. ಜೀವಾನಂಥ ಪಾತ್ರವನ್ನು ಕನ್ನಡದಲ್ಲೇ ಬರೆಯಬಲ್ಲವರಿಗೆ ವಾಹಿನಿಗಳು ಅವಕಾಶ ಕೊಡಬೇಕು.