ಗೋಧಿಯ ಹಳದಿ, ಏಣೆಲಿನ ಹಸಿರು: ಕರಾವಳಿಯ ಗದ್ದೆಚಿತ್ರಗಳ ಸಮೀಕ್ಷೆ

ಕಳೆದ ಮಳೆಗಾಲದಲ್ಲಿ ಮಂಗಳೂರಿನ ಒಂದು ಶಾಲೆಗೆ ಮಕ್ಕಳ ಚಿತ್ರಸ್ಪರ್ಧೆಯ ತೀರ್ಪುಗಾರನಾಗಿ ಹೋಗಿದ್ದೆ. ವಿಷಯ ‘ಬೆಳೆದು ನಿಂತ ಪೈರು’. ಮೇಜಿನ ಮೇಲೆ ಹರಡಿದ ಹಾಳೆಗಳಲ್ಲಿ ಮುಕ್ಕಾಲು ಪಾಲು ಗೋಧಿ ಹೊಲಗಳು. ಉರಿಯುವ ಹಳದಿ, ಸುಳಿಸುಳಿಯಾದ ನೀಲಿ ಆಕಾಶ, ನಾಲ್ಕಾರು ಕರಿಯ ಕಾಗೆಗಳು. ಮಕ್ಕಳು ವ್ಯಾನ್ ಗೋನ ಚಿತ್ರಗಳನ್ನು ಫೋನಿನಲ್ಲಿ ನೋಡಿಕೊಂಡು ಬಂದಿದ್ದರು. ಹೊರಗೆ ಜಡಿಮಳೆ. ಕಾಂಪೌಂಡಿನ ಆಚೆಗೆ, ಭತ್ತದ ನೇಜಿ ನೆಟ್ಟು ಹದಿನೈದು ದಿನವಾಗಿದ್ದ ಗದ್ದೆಯೊಂದು ನೀರು ತುಂಬಿಕೊಂಡು ನಿಂತಿತ್ತು. ಒಂದು ಹಾಳೆಯಲ್ಲೂ ಅದು ಇರಲಿಲ್ಲ.

ಮಕ್ಕಳನ್ನು ದೂರುವುದಿಲ್ಲ. ಅವರಿಗೆ ಕಿಟಕಿ ತೋರಿಸಬೇಕಾಗಿದ್ದವರು ನಾವು. ನಲವತ್ತು ವರ್ಷ ಈ ಗದ್ದೆಗಳ ಕಟ್ಟಪುಣಿಯೆಂಬ ಬದುವಿನ ಮೇಲೆ ಕೂತು ಜಲವರ್ಣ ಹಚ್ಚಿದೆವು. ಆದರೆ ನಮಗಿಂತ ಮುಂಚೆ ಯಾರು ಏನು ಬರೆದರು, ನಮ್ಮ ಕಾಲದಲ್ಲಿ ಏನಾಯಿತು ಎಂಬುದನ್ನು ಒಂದೆಡೆ ಹೇಳಲಿಲ್ಲ. ಆ ಕೊರತೆಯನ್ನು ಸ್ವಲ್ಪವಾದರೂ ತುಂಬಲು ಈ ಲೇಖನ.

ಮೊದಲಿಗೆ ವ್ಯಾನ್ ಗೋನ ಮಾತು. ಅವನನ್ನು ನಾವು ತಪ್ಪಾಗಿ ಓದಿದ್ದೇವೆ. 1889ರಲ್ಲಿ ಸೇಂಟ್ ರೆಮಿಯ ಆಸ್ಪತ್ರೆಯಲ್ಲಿದ್ದಾಗ ಅವನ ಕಿಟಕಿಯ ಕೆಳಗೆ ಗೋಡೆ ಸುತ್ತಿದ ಒಂದು ಗೋಧಿ ಹೊಲವಿತ್ತು. ಆ ಒಂದೇ ಹೊಲವನ್ನು ಅವನು ಮತ್ತೆ ಮತ್ತೆ ಬರೆದ: ಪೈರು ಹಸಿರಾಗಿದ್ದಾಗ, ಕೊಯ್ಲಿನವನು ಕುಡುಗೋಲು ಬೀಸುತ್ತಿದ್ದಾಗ, ಉತ್ತ ಮಣ್ಣಿನ ಮೇಲೆ ಮಳೆ ಸುರಿಯುತ್ತಿದ್ದಾಗ. ಕ್ಲಾಡ್ ಮೊನೆ 1890–91ರಲ್ಲಿ ತನ್ನ ಮನೆಯ ಬಳಿಯ ತೆನೆಬಣವೆಗಳನ್ನೇ ಸುಮಾರು 25 ಕ್ಯಾನ್ವಾಸುಗಳಲ್ಲಿ ಬರೆದ. ಇವರು ಕಲಿಸುವ ಪಾಠ ಹಳದಿಯದ್ದಲ್ಲ. ತನ್ನ ಕಣ್ಣೆದುರಿನ ಒಂದು ಹೊಲಕ್ಕೆ ವರ್ಷವಿಡೀ ನಿಷ್ಠನಾಗಿರುವ ಪಾಠ ಅದು. ನಾವು ಅವರ ಬಣ್ಣವನ್ನು ಎರವಲು ತಂದೆವು, ನಿಷ್ಠೆಯನ್ನು ಅಲ್ಲಿಯೇ ಬಿಟ್ಟೆವು.

ಗೋಧಿ ನಮ್ಮ ರಾಜ್ಯದಲ್ಲಿಲ್ಲವೆಂದಲ್ಲ. ಧಾರವಾಡ, ಬೆಳಗಾವಿ, ವಿಜಯಪುರದ ಎರೆಮಣ್ಣಿನಲ್ಲಿ ಹಿಂಗಾರಿಗೆ ಅದು ಬರುತ್ತದೆ. ತುಳುನಾಡಿಗೆ ಮಾತ್ರ ಗೋಧಿ ಹಿಟ್ಟಾಗಿಯೇ ಬಂದದ್ದು. ಇಲ್ಲಿನ ಪೈರು ಭತ್ತ, ಅದು ನಿಲ್ಲುವುದು ನೀರಿನಲ್ಲಿ. ಗೋಧಿ ಹೊಲದ ಚಿತ್ರದಲ್ಲಿ ಆಕಾಶ ಮೇಲಿದ್ದರೆ ಸಾಕು. ನೆಟ್ಟ ಹೊಸತರ ಗದ್ದೆಯಲ್ಲಿ ಆಕಾಶ ಕೆಳಗೂ ಇರುತ್ತದೆ. ಈ ಒಂದು ವ್ಯತ್ಯಾಸವೇ ನಮ್ಮ ಚಿತ್ರಕಲೆಗೆ ಬೇರೆ ದಾರಿ ತೋರಿಸಬೇಕಿತ್ತು.

ಇನ್ನು ಗದ್ದೆ ಎಂದರೆ ಒಂದೇ ಬಗೆಯದ್ದಲ್ಲ. ತಗ್ಗಿನಲ್ಲಿ ನೀರು ನಿಲ್ಲುವ ಬೈಲು, ಅದಕ್ಕಿಂತ ಮೇಲಿನ ಮಜಲು, ಮಳೆಯನ್ನೇ ನಂಬಿದ ಬೆಟ್ಟು. ಬೆಳೆ ಮೂರು: ಮಳೆಗಾಲದ ಏಣೆಲು, ಆಮೇಲೆ ಸುಗ್ಗಿ, ನೀರು ಉಳಿದ ಬೈಲಿನಲ್ಲಿ ಬೇಸಿಗೆಯ ಕೊಳಕೆ. ನಡುವೆ ಸೆಪ್ಟೆಂಬರ್ 8ರಂದು ಕೊಂಕಣಿ ಕ್ರೈಸ್ತರ ಮನೆಗಳಿಗೆ ಮೊಂತಿ ಹಬ್ಬದ ತೆನೆ ಬರುತ್ತದೆ. ಫೆಬ್ರವರಿಯಲ್ಲಿ ಕೆಡ್ಡಸ, ಭೂಮಿತಾಯಿ ಮುಟ್ಟಾಗುವ ದಿನಗಳೆಂದು ಮಣ್ಣನ್ನು ಕೆದಕದೆ ಬಿಡುವ ಹೊತ್ತು. ಚಿತ್ರಕಾರನಿಗೆ ಇಷ್ಟು ದೊಡ್ಡ ಪಂಚಾಂಗ ಎದುರಿಗಿದ್ದರೂ ನಮ್ಮ ಚಿತ್ರಗಳಲ್ಲಿ ಹೆಚ್ಚಿನವು ಜುಲೈ, ಆಗಸ್ಟ್ ತಿಂಗಳ ಹಸಿರನ್ನು ದಾಟಿಲ್ಲ.

ಹಿಂದಿನ ಚರಿತ್ರೆಯನ್ನು ಬೇಗ ಹೇಳಿಬಿಡಬಹುದು. ನನ್ನ ಮಟ್ಟಿಗೆ ಕನ್ನಡ ನಾಡಿನ ಮೊದಲ ಗದ್ದೆಚಿತ್ರಗಳು ಘಟ್ಟದ ಮೇಲಿನ ದೀವರ ಹೆಂಗಸರವು. ಸಾಗರದ ಸುತ್ತಿನ ಊರುಗಳಲ್ಲಿ ಭೂಮಿ ಹುಣ್ಣಿಮೆಗೆ ಅವರು ಭೂಮಣ್ಣಿ ಬುಟ್ಟಿಯನ್ನು ಕೆಮ್ಮಣ್ಣಿನಿಂದ ಸಾರಿಸಿ, ಅಕ್ಕಿಹಿಟ್ಟಿನ ಬಿಳಿಯಲ್ಲಿ ಎಳೆ ಬರೆದು, ಅದರಲ್ಲಿ ಎಡೆ ಹೊತ್ತು ಪೈರಿನ ಬಳಿಗೆ ಹೋಗುತ್ತಾರೆ. ಗದ್ದೆಯ ಬೆಳೆಯೇ ಬಣ್ಣವಾಗಿ ಗದ್ದೆಗೆ ಮರಳುತ್ತದೆ. ಇದಕ್ಕಿಂತ ಪೂರ್ಣವಾದ ಕಲ್ಪನೆ ನಮ್ಮ ಯಾವ ಗ್ಯಾಲರಿಯಲ್ಲೂ ನನಗೆ ಕಂಡಿಲ್ಲ.

1801ರಲ್ಲಿ ಕಂಪೆನಿ ಸರಕಾರಕ್ಕಾಗಿ ಕೆನರಾ ಸುತ್ತಿದ ಫ್ರಾನ್ಸಿಸ್ ಬುಕಾನನ್ ಇಲ್ಲಿನ ಭತ್ತದ ಬೇಸಾಯವನ್ನು ವಿವರವಾಗಿ ಬರೆದ; ಅವನ ಪ್ರವಾಸ ಗ್ರಂಥ 1807ರಲ್ಲಿ ಅಚ್ಚಾಯಿತು. ಅದು ಕಂದಾಯದ ಕಣ್ಣು. 1834ರಲ್ಲಿ ಮಂಗಳೂರಿಗೆ ಬಂದ ಬಾಸೆಲ್ ಮಿಷನ್‌ನವರು ಮುಂದೆ ಕ್ಯಾಮೆರಾ ತಂದರು. ನಾನು ನೋಡಿದ ಅವರ ಚಿತ್ರಗಳಲ್ಲಿ ಶಾಲೆ, ಪ್ರಾರ್ಥನಾಲಯ, ನೇಯ್ಗೆ, ಹಂಚಿನ ಕಾರ್ಖಾನೆಗಳೇ ಹೆಚ್ಚು. 1865ರಲ್ಲಿ ಜೆಪ್ಪುವಿನಲ್ಲಿ ಶುರುವಾದ ಆ ಹಂಚಿನ ಉದ್ಯಮ ನೇತ್ರಾವತಿ, ಗುರುಪುರ ಹೊಳೆಗಳ ದಂಡೆಯ ಜೇಡಿಯನ್ನು ನಂಬಿತ್ತು. ಕಾರ್ಖಾನೆಗೆ ಸಿಕ್ಕ ಕ್ಯಾಮೆರಾ ಆ ಮಣ್ಣಿಗೆ ಸಿಕ್ಕಲಿಲ್ಲ. ಇಟಲಿಯ ಅಂತೋನಿಯೊ ಮೊಸ್ಕೇನಿ 1901ರ ಹೊತ್ತಿಗೆ ಸಂತ ಅಲೋಶಿಯಸ್ ಕಾಲೇಜಿನ ಚಾಪೆಲ್ಲಿನ ಗೋಡೆ, ಮಾಡುಗಳನ್ನು ತುಂಬಿಸಿದರು. ಅದು ನಮ್ಮ ನಗರದ ದೊಡ್ಡ ಕಲಾಸಂಪತ್ತು. ಆದರೆ ಅಲ್ಲಿನ ಬೆಳಕು ಯುರೋಪಿನದು.

ನಮ್ಮ ಗದ್ದೆಗೆ ಮೊದಲ ದೊಡ್ಡ ಚಿತ್ರಕಾರನನ್ನು ಕೊಟ್ಟದ್ದು ಉಡುಪಿ ಬಳಿಯ ಕಟ್ಟಿಂಗೇರಿ. ಅಲ್ಲಿ 1911ರಲ್ಲಿ ಹುಟ್ಟಿದ ಕೆ.ಕೆ. ಹೆಬ್ಬಾರರ ತಂದೆ ಗಣಪತಿಯ ಮೂರ್ತಿ ಮಾಡುತ್ತಿದ್ದರು. ಗದ್ದೆಯ ಜೇಡಿಮಣ್ಣು ಊರಿನ ಮಕ್ಕಳ ಕೈಗೆ ಕಾಗದಕ್ಕಿಂತ ಮೊದಲು ಸಿಕ್ಕುತ್ತಿದ್ದ ಕಾಲ ಅದು. ಮುಂಬಯಿಯ ಜೆ.ಜೆ. ಕಲಾಶಾಲೆಯಲ್ಲಿ ಕಲಿತು, ಅಲ್ಲಿಯೇ ಕಲಿಸಿ, 1949–50ರಲ್ಲಿ ಪ್ಯಾರಿಸ್‌ನಲ್ಲೂ ಅಭ್ಯಾಸ ಮಾಡಿ ಬಂದ ಹೆಬ್ಬಾರರು ಬರೆದದ್ದು ದುಡಿಯುವ ಮೈಯನ್ನು. ಅಮೃತಾ ಶೇರ್‌ಗಿಲ್ ಅವರ ಚಿತ್ರಗಳಿಂದ ಪ್ರೇರಣೆ ಪಡೆದು ಮಲಬಾರಿನತ್ತ ಹೋದಾಗ ಅವರಿಗೆ ದಕ್ಷಿಣದ ಬಿಸಿಲಿನ ಬಣ್ಣ ಒಲಿಯಿತು. ಲಯವನ್ನು ಅರಿಯಲೆಂದೇ ಅವರು ಕಥಕ್ ಕಲಿತರು. ಗದ್ದೆಯಲ್ಲಿ ನೆಡುವ ಹೆಂಗಸರ ಸಾಲನ್ನು ನೋಡಿದವರಿಗೆ ಹೆಬ್ಬಾರರ ರೇಖೆ ಎಲ್ಲಿಂದ ಬಾಗಿತೆಂದು ಯಾರೂ ವಿವರಿಸಬೇಕಿಲ್ಲ. ಓಬೇಲೆ ಹಾಡಿಗೆ ಒಟ್ಟಿಗೆ ಬಗ್ಗಿ, ಒಟ್ಟಿಗೆ ಹಿಂದಕ್ಕೆ ಸರಿಯುವ ಬೆನ್ನುಗಳ ಲಯ ಅದು. ಅವರನ್ನು ಮುಂಬಯಿಯ ಆಧುನಿಕರ ಸಾಲಿನಲ್ಲಿ ಮಾತ್ರ ನಿಲ್ಲಿಸುವ ವಿಮರ್ಶೆ ಕಟ್ಟಿಂಗೇರಿಯನ್ನು ಮರೆತಿದೆ.

ಹೆಬ್ಬಾರರು ಮುಂಬಯಿಯಲ್ಲಿದ್ದರು. ಊರಿನಲ್ಲಿ ಉಳಿದು ಕಲಿಸಿದವರ ಕೆಲಸ ಬೇರೆ ಬಗೆಯದು. ಬಿ.ಜಿ. ಮಹಮ್ಮದ್ ಅವರ ಹೆಸರಿನ ಬಿಜಿಎಂ ಚಿತ್ರಶಾಲೆ, ಮಹಾಲಸಾ ಕಲಾಶಾಲೆ ಮಂಗಳೂರಿನಲ್ಲಿ ಕುಂಚ ಹಿಡಿಯಲು ಕಲಿಸಿದವು. ಬ್ಯಾಂಕು, ಬೀಡಿ, ಮೀನು, ಹಂಚಿನ ಈ ವ್ಯಾಪಾರದ ನಗರದಲ್ಲಿ ಚಿತ್ರಕಲೆಗೆ ಒಂದು ಮನೆಯಾದದ್ದು ಇಂಥವರಿಂದ. ನನ್ನ ತಲೆಮಾರು ಬಂದದ್ದು ಇದರ ನಂತರ, ಜಲವರ್ಣದ ಡಬ್ಬಿ ಹಿಡಿದು ಸ್ಥಳಕ್ಕೇ ಹೋಗಿ ಬರೆಯಬೇಕೆಂಬ ಹಟದೊಡನೆ.

ಆ ಹಟದ ಬಗ್ಗೆ ಸ್ವಲ್ಪ ವಿವರವಾಗಿ ಹೇಳಬೇಕು. ಮಳೆಗಾಲದಲ್ಲಿ ಇಲ್ಲಿ ಕಾಗದ ಒಣಗುವುದಿಲ್ಲ. ಒಂದು ಬಣ್ಣ ಒಣಗಲಿ, ಮೇಲೆ ಇನ್ನೊಂದು ಹಚ್ಚೋಣ ಎಂದು ಕಾಯುತ್ತ ಕೂತರೆ ಸಂಜೆಯಾಗುತ್ತದೆ. ಹಾಗಾಗಿ ಒದ್ದೆಯ ಮೇಲೆ ಒದ್ದೆ ಹಚ್ಚುವುದು ನಮಗೆ ಶೈಲಿಯಲ್ಲ, ಹವೆ ಕಲಿಸಿದ ವಿದ್ಯೆ. ದೂರದ ತೆಂಗಿನ ತೋಟ ತಾನಾಗಿ ಮಂಜಾಗುತ್ತದೆ, ಗದ್ದೆಯ ನೀರು ತಾನಾಗಿ ಆಕಾಶವನ್ನು ಕುಡಿಯುತ್ತದೆ. ಎರಡನೆಯ ಪಾಠ ಹಸಿರಿನದು. ಟ್ಯೂಬಿನ ಹಸಿರನ್ನು ನೇರ ಹಚ್ಚಿದರೆ ಗದ್ದೆ ಸತ್ತಂತೆ. ಸಸಿಮಡಿಯ ನೇಜಿಗೆ ನಿಂಬೆಹಳದಿ ಹೆಚ್ಚು ಬೇಕು. ನೆಟ್ಟು ವಾರದವರೆಗೆ ಪೈರು ಬಾಡಿದಂತೆ ಬೂದುಹಳದಿ. ಬೇರು ಹಿಡಿದ ಮೇಲೆ ನೀಲಿ ಏರುತ್ತದೆ. ತೆನೆಯಲ್ಲಿ ಹಾಲು ಕಟ್ಟುವಾಗ ಹಸಿರಿನೊಳಗೆ ಓಕರ್ ಇಳಿಯತೊಡಗುತ್ತದೆ. ಇಷ್ಟನ್ನು ಬೇರೆ ಬೇರೆಯಾಗಿ ಕಾಣಬಲ್ಲವನು ಗದ್ದೆಯ ಚಿತ್ರಕಾರ.

ಈ ದಾರಿಯಲ್ಲಿ ಗಣೇಶ ಸೋಮಯಾಜಿಯವರ ಸ್ಥಳಚಿತ್ರಗಳು ನನಗೆ ಮುಖ್ಯ. ಅವರ ಜಲವರ್ಣದಲ್ಲಿ ಬೆಳಕು ಕಾಗದದ ಬಿಳಿಯಿಂದ ಬರುತ್ತದೆ, ಬಣ್ಣದಿಂದಲ್ಲ. ಕಾಸರಗೋಡಿನ ಪಿ.ಎಸ್. ಪುಣಿಂಚತ್ತಾಯರು ಕುಂಚ ಬಿಟ್ಟು ಚಿತ್ರಚೂರಿಯಲ್ಲಿ ನಿಸರ್ಗವನ್ನು ಕಟ್ಟಿದರು. ಕೆಸರಿನ ದಪ್ಪ ತೋರಿಸಲು ಚೂರಿ ತಕ್ಕ ಆಯುಧವೇ. ಕರಾವಳಿ ಚಿತ್ರಕಲಾ ಚಾವಡಿಯಂಥ ಕೂಟಗಳು ಶಿಬಿರ ಮಾಡಿ ಕಲಾವಿದರನ್ನು ಒಟ್ಟಿಗೆ ಕೂರಿಸಿದವು. ಅಮೂರ್ತಕಲೆಯೇ ಮುಂದುವರಿದ ಕಲೆ, ಗದ್ದೆ ಬರೆಯುವುದು ಕ್ಯಾಲೆಂಡರಿನ ಕೆಲಸ ಎಂದು ದೊಡ್ಡ ನಗರಗಳಲ್ಲಿ ಹೇಳುತ್ತಿದ್ದ ದಿನಗಳಲ್ಲಿ ಇವರೆಲ್ಲ ಎದುರಿಗಿದ್ದ ಮಣ್ಣನ್ನು ಬಿಡಲಿಲ್ಲ. ಆ ಮಾತು ತಪ್ಪೆಂದು ಈಗ ಯಾರಿಗೂ ತಿಳಿಯುತ್ತದೆ, ಏಕೆಂದರೆ ಅವರು ಬರೆದ ಬೈಲುಗಳಲ್ಲಿ ಎಷ್ಟೋ ಇಂದು ಚಿತ್ರದಲ್ಲಿ ಮಾತ್ರ ಇವೆ.

ಛಾಯಾಗ್ರಹಣದ ಕಥೆಗೆ ಬರೋಣ. ಸ್ಟುಡಿಯೋದ ಪರದೆಯ ಮುಂದೆ ಮದುಮಕ್ಕಳನ್ನು ನಿಲ್ಲಿಸುತ್ತಿದ್ದ ಕಾಲದಲ್ಲಿ ಗದ್ದೆಗೆ ಫಿಲ್ಮ್ ಖರ್ಚು ಮಾಡುವವರು ವಿರಳ. ದುಡಿಯುವ ಸಾಮಾನ್ಯರೂ ಚಿತ್ರಕ್ಕೆ ಅರ್ಹರೆಂದು ಕನ್ನಡಿಗರಿಗೆ ತೋರಿಸಿದವರು ಮೈಸೂರಿನ ಟಿ.ಎಸ್. ಸತ್ಯನ್. ಶಿವರಾಮ ಕಾರಂತರ 1933ರ ‘ಚೋಮನ ದುಡಿ’ ಕಾದಂಬರಿಯನ್ನು ಬಿ.ವಿ. ಕಾರಂತರು 1975ರಲ್ಲಿ ಚಿತ್ರವಾಗಿಸಿದಾಗ ಎಸ್. ರಾಮಚಂದ್ರ ಅವರ ಕ್ಯಾಮೆರಾ ಮಣ್ಣನ್ನು ಮಣ್ಣಿಲ್ಲದವನ ಕಣ್ಣಿನಿಂದ ನೋಡಿತು. ಗದ್ದೆಯ ಚೆಲುವು ಎಲ್ಲರಿಗೂ ಒಂದೇ ಅಲ್ಲ. ಅದರ ಒಡೆಯ ಯಾರೆಂಬುದು ಚಿತ್ರದೊಳಗೇ ಇರುತ್ತದೆ.

ಆಮೇಲಿನ ದಿನಗಳು ಪತ್ರಿಕಾ ಛಾಯಾಗ್ರಾಹಕರವು. 1970ರಲ್ಲಿ ಮಣಿಪಾಲದಿಂದ ಹೊರಟ ಉದಯವಾಣಿ ಕರಾವಳಿಯ ಓದುಗರಿಗೆ ತಮ್ಮ ಊರನ್ನು ಚಿತ್ರದಲ್ಲಿ ನೋಡುವ ಅಭ್ಯಾಸ ಮಾಡಿಸಿತು. ಆಸ್ಟ್ರೋ ಮೋಹನ್, ಮಂಗಳೂರಿನ ಯಜ್ಞ ಅವರಂಥವರು ಆ ಅಭ್ಯಾಸವನ್ನು ಕಲೆಯ ಮಟ್ಟಕ್ಕೆ ಏರಿಸಿದರು. ಗದ್ದೆಯಲ್ಲಿ ಕ್ಯಾಮೆರಾವನ್ನು ಹೆಚ್ಚು ಸೆಳೆದದ್ದು ಕೋಣಗಳ ಓಟವಾದ ಕಂಬಳ. ಅದಕ್ಕೆ ಕಾರಣವೂ ಇದೆ: ಅದರ ಕನೆಹಲಗೆ ವಿಭಾಗದಲ್ಲಿ ಗೆಲುವು ನಿರ್ಣಯವಾಗುವುದೇ ಕೆಸರುನೀರು ಎಷ್ಟು ಕೋಲು ಎತ್ತರಕ್ಕೆ ಚಿಮ್ಮಿ ನಿಶಾನೆಗೆ ತಾಗಿತೆಂಬುದರ ಮೇಲೆ. ಆ ಚಿಮ್ಮುವಿಕೆಯನ್ನು ಹಿಡಿಯಲು ಕ್ಯಾಮೆರಾಗಳು ಓಟದ ಕರೆಯ ತುದಿಯಲ್ಲಿ ಸಾಲುಗಟ್ಟಿದವು. 2020ರ ಫೆಬ್ರವರಿಯಲ್ಲಿ ಐಕಳದಲ್ಲಿ ಶ್ರೀನಿವಾಸ ಗೌಡರು 142.5 ಮೀಟರನ್ನು 13.62 ಸೆಕೆಂಡುಗಳಲ್ಲಿ ಓಡಿದಾಗ ಕಂಬಳದ ಚಿತ್ರ ಲೋಕವನ್ನೇ ಸುತ್ತಿತು. ಆ ಚಿತ್ರಗಳ ಬಗ್ಗೆ ನನಗೆ ಹೆಮ್ಮೆಯಿದೆ. ಆದರೆ ಕಂಬಳ ಬೇಸಾಯದಿಂದ ಹುಟ್ಟಿದ್ದು. ಗದ್ದೆಯೇ ಇಲ್ಲದ ಮೇಲೆ ಕರೆ ಮಾತ್ರ ಉಳಿದರೆ ಅದು ಬರಿಯ ಓಟ.

ಈಗಿನದು ಡ್ರೋನಿನ ಕಾಲ. ಮೇಲಿನಿಂದ ಗದ್ದೆ ಹಸಿರು ಜಮಖಾನದಂತೆ ಕಾಣುತ್ತದೆ, ಮದುವೆಗೆ ಮುಂಚಿನ ಫೋಟೋಗಳಿಗೆ ಒಳ್ಳೆಯ ಹಿನ್ನೆಲೆಯಾಗುತ್ತದೆ. ಫೋನು ತಾನೇ ಹಸಿರಿಗೆ ಇನ್ನಷ್ಟು ಹಸಿರು ಬೆರೆಸುತ್ತದೆ. ಆ ಎತ್ತರದಿಂದ ಬಗ್ಗಿದ ಬೆನ್ನು ಕಾಣುವುದಿಲ್ಲ. ನೇಜಿಯ ಕಟ್ಟು, ಮಳೆಗೆ ಹೊದೆಯುವ ಗೊರಬು, ತಲೆಯ ಮುಟ್ಟಾಳೆ ಕಾಣುವುದಿಲ್ಲ. ಇದು ಗದ್ದೆಯ ಚೆಲುವನ್ನು ಗದ್ದೆಯಿಂದ ಕಿತ್ತು ತೆಗೆಯುವ ದೃಷ್ಟಿ. ಡ್ರೋನಿಗೂ ಒಂದು ಒಳ್ಳೆಯ ಕೆಲಸವಿದೆ: ಯಂತ್ರ ನಾಟಿ ಬಂದ ಮೇಲೆ ಪೈರಿನ ಸಾಲು ನೇರವಾಯಿತು. ಕೈಯಿಂದ ನೆಟ್ಟ ಗದ್ದೆಯಲ್ಲಿ ಸಾಲು ಕಟ್ಟಪುಣಿಯ ಬಾಗನ್ನು ಅನುಸರಿಸಿ ತಾನೂ ಬಾಗುತ್ತಿತ್ತು. ಅಕ್ಕಪಕ್ಕದ ಇಂಥ ಎರಡು ಗದ್ದೆಗಳನ್ನು ಒಂದೇ ಚೌಕಟ್ಟಿನಲ್ಲಿ ಮೇಲಿನಿಂದ ತೆಗೆದರೆ ಅರ್ಧ ಶತಮಾನದ ಬದಲಾವಣೆ ಒಂದು ಚಿತ್ರದಲ್ಲಿ ಸಿಗುತ್ತದೆ.

ಬಿಟ್ಟುಹೋದದ್ದು ಇನ್ನೂ ಬಹಳ. 1974ರ ಭೂಸುಧಾರಣೆಯ ತಿದ್ದುಪಡಿಯಿಂದ ಕರಾವಳಿಯಲ್ಲಿ ಒಕ್ಕಲುಗಳು ಒಡೆಯರಾದರು. ಗೇಣಿಯ ಅಕ್ಕಿಮುಡಿ ಹೊತ್ತವನು ತನ್ನದೇ ಗದ್ದೆಯಲ್ಲಿ ಮೊದಲ ಬಾರಿ ಉತ್ತ ಬೆಳಗನ್ನು ನಮ್ಮಲ್ಲಿ ಯಾರೂ ಬರೆಯಲಿಲ್ಲ. ಮನೆಯಂಗಳದಲ್ಲಿ ಪಡಿಮಂಚಕ್ಕೆ ಭತ್ತದ ಸೂಡಿ ಬಡಿಯುವ ರಾತ್ರಿಗಳು, ಕೆಡ್ಡಸದ ಮೌನ, ಕೊಳಕೆಯ ಬಿಸಿಲು ಯಾವುದಕ್ಕೂ ತಕ್ಕ ಚಿತ್ರಗಳಿಲ್ಲ. ನೆಡುವ ಹೆಂಗಸರ ಸಾಲನ್ನು ಸಾವಿರ ಸಲ ಬರೆದೆವು, ಅವರಲ್ಲಿ ಒಬ್ಬಳ ಮುಖವನ್ನು ಬರೆಯಲಿಲ್ಲ. ಈ ತಪ್ಪಿನಲ್ಲಿ ನಾನೂ ಪಾಲುದಾರ.

ಎಲ್ಲಕ್ಕಿಂತ ದೊಡ್ಡ ಕೊರತೆ ಬೇಸಾಯ ನಿಂತು ಹಡಿಲು ಬಿದ್ದ ಗದ್ದೆಯ ಚಿತ್ರ. ಮಕ್ಕಳು ಮುಂಬಯಿಗೋ ಗಲ್ಫಿಗೋ ಹೋದರು, ಆಳು ಸಿಗಲಿಲ್ಲ, ಬೈಲಿಗೆ ಮಣ್ಣು ತುಂಬಿ ನಿವೇಶನವಾಯಿತು. 2021ರಲ್ಲಿ ಉಡುಪಿಯ ಕೇದಾರೋತ್ಥಾನ ಟ್ರಸ್ಟ್ ಹಡಿಲು ಭೂಮಿಯಲ್ಲಿ ಮತ್ತೆ ಭತ್ತ ಬೆಳೆಸಲು ಹೊರಟಾಗ ಜನ ಉತ್ಸಾಹದಿಂದ ಕೆಸರಿಗಿಳಿದರು. ಆದರೆ ಕಳೆ ಮುಚ್ಚಿದ, ಕಟ್ಟಪುಣಿ ಕುಸಿದ ಗದ್ದೆಯನ್ನು ಚಿತ್ರಕ್ಕೆ ತಕ್ಕ ವಸ್ತುವೆಂದು ಕಲಾವಿದರು ಎಣಿಸಲಿಲ್ಲ. ಚೆಲುವು ಹಸಿರಿನಲ್ಲಿ ಮಾತ್ರ ಇದೆ ಎಂದುಕೊಂಡದ್ದರ ಫಲ ಇದು.

ಇರುವ ಚಿತ್ರಗಳಾದರೂ ಒಂದೆಡೆ ಇವೆಯೇ? ಮನೆಗಳ ಪಡಸಾಲೆ, ಹೋಟೆಲಿನ ಗೋಡೆ, ಬ್ಯಾಂಕಿನ ವ್ಯವಸ್ಥಾಪಕರ ಕೋಣೆಗಳಲ್ಲಿ ಚದುರಿಹೋಗಿವೆ. ಎಷ್ಟೋ ಚಿತ್ರಗಳ ಕೆಳಗೆ ‘ನಿಸರ್ಗ’ ಎಂಬ ಒಂದೇ ಶೀರ್ಷಿಕೆ. ನಮ್ಮ ಹಿರಿಯರು ಪ್ರತಿ ಗದ್ದೆಗೂ ಹೆಸರಿಟ್ಟಿದ್ದರು. ಮನೆಯೆದುರಿನ ದೊಡ್ಡ ಗದ್ದೆ ಬಾಕಿಮಾರು, ಓಟದ್ದು ಕಂಬಳಗದ್ದೆ. ನಾವು ಆ ಹೆಸರುಗಳನ್ನು ಚಿತ್ರದ ಬೆನ್ನಿಗಾದರೂ ಬರೆಯಬಹುದಿತ್ತು.

ಆದ್ದರಿಂದ ಇನ್ನು ಮುಂದೆ ಗದ್ದೆ ಬರೆಯುವ, ಗದ್ದೆಯ ಫೋಟೋ ತೆಗೆಯುವ ಎಲ್ಲರಲ್ಲೂ ಒಂದು ಕೋರಿಕೆ. ಮನೆಯ ಹತ್ತಿರದ ಒಂದೇ ಗದ್ದೆಯನ್ನು ಆರಿಸಿ, ಹನ್ನೆರಡು ತಿಂಗಳು ಹೋಗಿ. ಹಡಿಲು ಬಿದ್ದಿದ್ದರೂ ಹೋಗಿ. ಚಿತ್ರದ ಹಿಂದೆ ಗದ್ದೆಯ ಹೆಸರು, ಊರು, ತಿಂಗಳು, ಅಲ್ಲಿ ದುಡಿದವರ ಹೆಸರು ಬರೆದಿಡಿ. ಮಂಗಳೂರಿನಲ್ಲಿ ದಿನಾ ಸಾವಿರಾರು ಮಂದಿ ಪಡೀಲ್ ದಾಟಿ ಹೋಗುತ್ತಾರೆ. ತುಳುವಿನಲ್ಲಿ ಪಡೀಲ್ ಎಂದರೆ ಹಡಿಲು ಬಿದ್ದ ನೆಲ. ಊರಿನ ಹೆಸರು ಅದನ್ನು ನೆನಪಿಟ್ಟುಕೊಂಡಿದೆ. ನಮ್ಮ ಚಿತ್ರಗಳೂ ನೆನಪಿಟ್ಟುಕೊಳ್ಳಲಿ.