ವಿಲೆಟ್ ಕೇಳಿದ್ದ 20 ನಿಮಿಷಗಳು

ಅಮೆರಿಕದಲ್ಲಿ ನೆಲೆಸಿರುವ ನನ್ನ ಶಿಷ್ಯರಲ್ಲಿ ಬಹುತೇಕರು ಪ್ರತಿ ಮಾರ್ಚಿನಲ್ಲಿ ಗಡಿಯಾರವನ್ನು ಒಂದು ಗಂಟೆ ಮುಂದಿಡುತ್ತಾರಷ್ಟೆ. ಈ ಪದ್ಧತಿಗಾಗಿ ಬ್ರಿಟನ್ನಿನಲ್ಲಿ ಹೋರಾಡಿದವನು ಗೃಹನಿರ್ಮಾಪಕ ವಿಲಿಯಂ ವಿಲೆಟ್. 1907ರ ತನ್ನ ಕಿರುಹೊತ್ತಗೆಯಲ್ಲಿ ಅವನು ಒಮ್ಮೆಲೇ ಒಂದು ಗಂಟೆಯನ್ನು ಕೇಳಿರಲಿಲ್ಲ. ಏಪ್ರಿಲ್ ತಿಂಗಳ ನಾಲ್ಕು ಭಾನುವಾರಗಳಂದು ತಲಾ 20 ನಿಮಿಷ, ಒಟ್ಟು 80 ನಿಮಿಷ ಎಂದಿದ್ದನು. ಹಲವರು ನಕ್ಕರು. 1915ರಲ್ಲಿ ಅವನು ತೀರಿಕೊಂಡನು. ಮರುವರ್ಷ ಯುದ್ಧಕಾಲದ ಇಂಧನ ಉಳಿತಾಯಕ್ಕೆಂದು ಮೊದಲು ಜರ್ಮನಿ, ಬಳಿಕ ಬ್ರಿಟನ್ ಇದನ್ನು ಜಾರಿಗೆ ತಂದವು. ಆದರೆ ಒಂದೇ ರಾತ್ರಿಯಲ್ಲಿ ಪೂರ್ತಿ ಒಂದು ಗಂಟೆ! (ನಮ್ಮ ದೇಶದಲ್ಲಿಯೂ 1942ರಿಂದ 1945ರವರೆಗೆ ಗಡಿಯಾರ ಒಂದು ಗಂಟೆ ಮುಂದಿತ್ತು.) ಸರ್ಕಾರಗಳಿಗೆ ಅದು ಸುಲಭ, ದೇಹಕ್ಕೆ ಹಾಗಲ್ಲ.

ಬಾರ್ನ್ಸ್ ಮತ್ತು ವ್ಯಾಗ್ನರ್ ಎಂಬ ಸಂಶೋಧಕರು ಅಮೆರಿಕದ ಗಣಿಗಳ 1983ರಿಂದ 2006ರವರೆಗಿನ ದಾಖಲೆಗಳನ್ನು ಪರಿಶೀಲಿಸಿ 2009ರಲ್ಲಿ ಪ್ರಕಟಿಸಿದ ಲೆಕ್ಕ ಹೀಗಿದೆ: ಗಡಿಯಾರ ಮುಂದಿಟ್ಟ ಮರುದಿನದ ಸೋಮವಾರ ಕಾರ್ಮಿಕರ ಗಾಯಗಳು ಶೇಕಡಾ 5.7ರಷ್ಟು ಹೆಚ್ಚು, ಅವುಗಳಿಂದ ನಷ್ಟವಾದ ಕೆಲಸದ ದಿನಗಳು ಶೇಕಡಾ 68ರಷ್ಟು ಹೆಚ್ಚು. ನಿದ್ರೆಯಲ್ಲಿ ಕಡಿತವಾದದ್ದು ಸರಾಸರಿ 40 ನಿಮಿಷ ಮಾತ್ರ.

ಇಂದು ನಿದ್ರಾವೈದ್ಯರು ನೌಕರರಿಗೆ ಹೇಳುವುದೇನು? ಕೆಲವು ದಿನ ಮೊದಲಿನಿಂದಲೇ ರಾತ್ರಿ 15-20 ನಿಮಿಷ ಬೇಗ ಮಲಗಿರಿ, ಬೆಳಗಿನ ಬಿಸಿಲಿಗೆ ಮೈಯೊಡ್ಡಿರಿ ಎಂದು. ವಿಲೆಟ್ ಕೇಳಿದ್ದ ಕಂತುಗಳೇ ಅಲ್ಲವೇ ಇವು! ಆ ಸೋಮವಾರ ಅಪಾಯದ ಕೆಲಸಗಳನ್ನು ಮುಂದೂಡುವುದು ಮಾತ್ರ ಮಾಲೀಕರ ಕೈಯಲ್ಲಿದೆ.