ಸುತ್ತೋ ರೈಲಿಗೆ ಕೆಲಸ ಕೊಟ್ಟ ಚೀಟಿ: ಪುಟ್ಟ ಹಳಿಗಳ ಮೇಲೆ ಗೂಡ್ಸ್ ಗಾಡಿಯ ಕಥೆ



ಈ ಸಲದ ಮಾತು ಮಾದರಿ ರೈಲಿನ ಬಗ್ಗೆ. ಇದು ಮಕ್ಕಳ ವಿಷಯ ಅಂದುಕೊಂಡು ವಿಡಿಯೋ ಮುಚ್ಚಬೇಡಿ. ನಾನು ಹೇಳೋಕೆ ಹೊರಟಿರೋದು ದೊಡ್ಡವರ ಕಥೆ. ಅಮೆರಿಕದ ಒಂದಷ್ಟು ಜನ ಮನೆಯ ನೆಲಮಾಳಿಗೆಯಲ್ಲಿ ಪುಟ್ಟ ರೈಲ್ವೆ ಕಟ್ಟಿದರು. ಅದರ ಮೇಲೆ ನಿಜವಾದ ಗೂಡ್ಸ್ ಗಾಡಿಯ ಕೆಲಸ ನಡೆಸೋದು ಹೇಗೆ ಅನ್ನೋದನ್ನ ಮೂವತ್ತು ನಲವತ್ತು ವರ್ಷ ತಲೆಕೆಡಿಸಿಕೊಂಡು ಕಂಡುಹಿಡಿದರು.

ಪುಣೆಯಲ್ಲಿ ಇರೋರು ಕೋಥ್ರೂಡ್‌ನ ಜೋಶಿಯವರ ಕಿರು ರೈಲು ಮ್ಯೂಸಿಯಂ ನೋಡಿರ್ತೀರಿ, 1998ರಲ್ಲಿ ಶುರುವಾದದ್ದು. ಪುಟ್ಟ ಊರು, ಪುಟ್ಟ ದೀಪ, ಓಡೋ ರೈಲುಗಳು. ನೋಡೋಕೆ ಕಣ್ಣಿಗೆ ಹಬ್ಬ. ಅದು ಪ್ರದರ್ಶನ, ಅಲ್ಲಿ ನಾವು ಪ್ರೇಕ್ಷಕರು. ಇವತ್ತಿನ ಕಥೆಯಲ್ಲಿ ಪ್ರೇಕ್ಷಕರೇ ಇಲ್ಲ. ಒಳಗೆ ಬಂದವರೆಲ್ಲ ಆ ಹೊತ್ತಿಗೆ ರೈಲ್ವೆ ನೌಕರರು.

ಗಾಣದ ಎತ್ತು

1934ರ ಜನವರಿಯಲ್ಲಿ ಅಮೆರಿಕದ ಮಿಲ್ವಾಕಿ ಊರಿಂದ ಆಲ್ ಕಾಮ್‌ಬಾಕ್ ಅನ್ನೋರು ‘ಮಾಡೆಲ್ ರೈಲ್‌ರೋಡರ್’ ಪತ್ರಿಕೆ ಶುರು ಮಾಡಿದರು. ಮರುವರ್ಷ, 1935ರಲ್ಲಿ, ಅದೇ ಊರಲ್ಲಿ ಮಾದರಿ ರೈಲು ಹವ್ಯಾಸಿಗಳ ರಾಷ್ಟ್ರೀಯ ಸಂಘ ಹುಟ್ಟಿತು. ಆ ಕಾಲದಲ್ಲಿ ತಯಾರಾದ ಸಾಮಾನು ಸಿಗೋದೇ ಕಡಿಮೆ. ಎಂಜಿನ್, ಹಳಿ, ಪಾಯಿಂಟ್ಸ್, ಎಷ್ಟೋ ಸಲ ಎಲ್ಲವನ್ನೂ ಕೈಯಾರೆ ಮಾಡಬೇಕು. ಗಾಡಿ ಹಳಿ ತಪ್ಪದೆ ಒಂದು ಸುತ್ತು ಬಂದರೆ ಅದೇ ದೊಡ್ಡ ಗೆಲುವು.

ಸರಿ, ಗೆದ್ದಾಯ್ತು. ಆಮೇಲೆ? ರೈಲು ಇನ್ನೊಂದು ಸುತ್ತು ಬರುತ್ತೆ. ಮತ್ತೊಂದು. ಗಾಣದ ಎತ್ತಿನ ಹಾಗೆ. ಹತ್ತು ನಿಮಿಷ ನೋಡಿದ ಮೇಲೆ ಕಟ್ಟಿದವನಿಗೇ ಬೇಜಾರು.

ಇದಕ್ಕೆ ಉತ್ತರ ಹುಡುಕಿದವರಲ್ಲಿ ಮೊದಲ ಸಾಲಿನ ಹೆಸರು ಫ್ರಾಂಕ್ ಎಲಿಸನ್. ನ್ಯೂ ಆರ್ಲಿಯನ್ಸ್‌ನವರು. ಅವರ ರೈಲ್ವೆಯ ಹೆಸರು ಡೆಲ್ಟಾ ಲೈನ್ಸ್. ಓ ಅಳತೆ, ಅಂದ್ರೆ ನಿಜ ಗಾಡಿಯ 48ನೇ ಒಂದು ಭಾಗ. 1944ರಲ್ಲಿ ಅವರು ಆ ಪತ್ರಿಕೆಯಲ್ಲಿ ಒಂದು ಲೇಖನಮಾಲೆ ಬರೆದರು. ಹವ್ಯಾಸವನ್ನ ನಾಟಕಕ್ಕೆ ಹೋಲಿಸಿದರು: ಮೇಜು ರಂಗಸ್ಥಳ, ರೈಲುಗಳು ಪಾತ್ರಧಾರಿಗಳು, ವೇಳಾಪಟ್ಟಿಯೇ ಕಥೆ.

ಯಕ್ಷಗಾನ ನೋಡಿದವರಿಗೆ ಈ ಮಾತು ಥಟ್ಟನೆ ಹಿಡಿಸುತ್ತೆ. ವೇಷ ಎಷ್ಟೇ ಚೆಂದ ಇರಲಿ, ಪ್ರಸಂಗ ಇಲ್ಲದಿದ್ದರೆ ವೇಷಧಾರಿ ರಂಗಸ್ಥಳದಲ್ಲಿ ಸುಮ್ಮನೆ ಸುತ್ತಬೇಕಾಗುತ್ತೆ. ರೈಲಿಗೂ ಒಂದು ಪ್ರಸಂಗ ಬೇಕು. ಯಾಕೆ ಹೊರಟಿದೆ, ಎಲ್ಲಿಗೆ, ಯಾರ ಸಾಮಾನು ಹೊತ್ತು? ಎಲಿಸನ್ ಕೇಳಿದ್ದು ಈ ಪ್ರಶ್ನೆ.

ಒಂದು ಮೈಲಿ ಅಂದ್ರೆ ಹದಿನೆಂಟೂವರೆ ಮೀಟರ್

ಎರಡನೇ ಹೆಸರು ಜಾನ್ ಆಲನ್. ಹುಟ್ಟಿದ್ದು 1913ರಲ್ಲಿ, ವೃತ್ತಿಯಿಂದ ಛಾಯಾಗ್ರಾಹಕ. ಕ್ಯಾಲಿಫೋರ್ನಿಯಾದ ಮಾಂಟೆರೆಯಲ್ಲಿ ಮನೆ. ಅವರ ರೈಲ್ವೆಯ ಹೆಸರನ್ನ ‘ಗೋರಿ ಅಂಡ್ ಡಿಫೀಟೆಡ್’ ಅಂತ ಓದಬೇಕು. ‘ರಕ್ತ ಸುರಿಸಿ ಸೋತವರು’ ಅಂತ ಅರ್ಥ ಬರೋ ಹಾಗೆ ಬೇಕೂ ಅಂತ ಇಟ್ಟ ತಮಾಷೆಯ ಹೆಸರು. ನೆಲದಿಂದ ಸೂರಿನವರೆಗೆ ಬೆಟ್ಟಗಳು, ಕಣಿವೆಗಳು, ಸೇತುವೆಗಳು. ಆ ಚಿತ್ರಗಳನ್ನ ನೋಡಿಯೇ ಎಷ್ಟೋ ಜನ ಈ ಹುಚ್ಚು ಹತ್ತಿಸಿಕೊಂಡರು.

ಚಿತ್ರದಲ್ಲಿ ಕಾಣದ ವಿಷಯ ಏನಂದ್ರೆ, ಆಲನ್ ಅದನ್ನ ಕಟ್ಟಿದ್ದು ನಡೆಸೋಕೆ. ಗೆಳೆಯರು ಸೇರ್ತಿದ್ದರು, ಒಬ್ಬೊಬ್ಬರಿಗೆ ಒಂದೊಂದು ಹುದ್ದೆ. ಒಬ್ಬ ಡಿಸ್ಪ್ಯಾಚರ್, ನಮ್ಮಲ್ಲಿ ಸೆಕ್ಷನ್ ಕಂಟ್ರೋಲರ್ ಅಂತಾರಲ್ಲ, ಅವನು. ಒಬ್ಬ ಯಾರ್ಡ್ ಮಾಸ್ಟರ್. ಉಳಿದವರು ಡ್ರೈವರುಗಳು.

ಇಲ್ಲೊಂದು ತೊಡಕಿದೆ. ಆಲನ್ ಅವರದ್ದು ಎಚ್‌ಓ ಅಳತೆ, ನಿಜದ 87ನೇ ಒಂದು ಭಾಗ. ಆ ಲೆಕ್ಕದಲ್ಲಿ ಒಂದು ಮೈಲಿ ಅಂದ್ರೆ ಬರೀ ಹದಿನೆಂಟೂವರೆ ಮೀಟರ್. ದೊಡ್ಡ ನೆಲಮಾಳಿಗೆಯಲ್ಲೂ ಕೆಲವೇ ಮೈಲಿ ಹಳಿ ಹಿಡಿಯುತ್ತೆ. ಎರಡು ಸ್ಟೇಷನ್ ನಡುವೆ ಒಂದೆರಡು ನಿಮಿಷದ ದಾರಿ ಇದ್ದರೆ ವೇಳಾಪಟ್ಟಿ ಬರೆಯೋದು ಹೇಗೆ? ಇದಕ್ಕೆ ಬಂದ ಉಪಾಯ ವೇಗದ ಗಡಿಯಾರ. ಅದರ ಮುಳ್ಳು ಆರು ಪಟ್ಟು ಜೋರಾಗಿ ತಿರುಗಿದರೆ, ನಮ್ಮ ನಾಲ್ಕು ಗಂಟೆಯಲ್ಲಿ ಅಲ್ಲಿ ಒಂದು ಪೂರ್ತಿ ದಿನ ಕಳೆಯುತ್ತೆ. ಎರಡು ನಿಮಿಷದ ದಾರಿ ಹನ್ನೆರಡು ನಿಮಿಷದ ದಾರಿ ಆಗುತ್ತೆ. ಎದುರುಗಡೆಯಿಂದ ಪ್ಯಾಸೆಂಜರ್ ಬರೋ ಹೊತ್ತಿಗೆ ನೀವು ಲೂಪ್ ಲೈನಿಗೆ ಸರಿದಿರಬೇಕು, ಇಲ್ಲಾಂದ್ರೆ ಎಲ್ಲರೂ ಕಾಯಬೇಕು.

ಚೀಟಿ ಬಂತು

ವೇಳಾಪಟ್ಟಿ ರೈಲಿಗೆ ಸಮಯ ಕೊಟ್ಟಿತು. ಆದರೆ ಗೂಡ್ಸ್ ಗಾಡಿಗೆ ಅದು ಸಾಲದು. ಪ್ಯಾಸೆಂಜರ್ ಹೊರಟು ತಲುಪಿದರೆ ಕೆಲಸ ಮುಗೀತು. ಗೂಡ್ಸ್‌ನಲ್ಲಿ ಹತ್ತು ವ್ಯಾಗನ್ ಇದ್ದರೆ ಹತ್ತಕ್ಕೂ ಬೇರೆಬೇರೆ ವಿಳಾಸ. ಯಾವ ವ್ಯಾಗನ್ ಎಲ್ಲಿ ಬಿಡಬೇಕು ಅಂತ ಹೇಳೋರು ಯಾರು?

ನಿಜವಾದ ರೈಲ್ವೆಯಲ್ಲಿ ಅದನ್ನ ಹೇಳೋದು ಒಂದು ಕಾಗದ. ಅಮೆರಿಕದಲ್ಲಿ ವೇಬಿಲ್ ಅಂತಾರೆ. ಕಳಿಸೋನು ಯಾರು, ಪಡೆಯೋನು ಯಾರು, ಸರಕು ಏನು, ವ್ಯಾಗನ್ ನಂಬರ್ ಎಷ್ಟು, ಯಾವ ದಾರಿ, ಎಲ್ಲ ಅದರಲ್ಲಿ. ಹುಬ್ಬಳ್ಳಿ ಕಡೆಯ ವ್ಯಾಪಾರದ ಮನೆಯವರಿಗೆ ಬಿಲ್ಟಿ ಅಂದ್ರೆ ಗೊತ್ತು, ರೈಲ್ವೆಯವರ ಬಾಯಲ್ಲಿ ಆರ್.ಆರ್. ಅದೇ ಕುಟುಂಬದ ಕಾಗದ. ವ್ಯಾಗನ್ ಹೋದ ಕಡೆಗೆಲ್ಲ ವೇಬಿಲ್ ಹಿಂದೆಯೇ ಹೋಗುತ್ತೆ.

ಈ ಕಾಗದವನ್ನ ಮಾದರಿ ರೈಲಿಗೆ ಇಳಿಸೋಕೆ ಹಲವರು ಯತ್ನಿಸಿದರು. ಕೆಲವರು ವ್ಯಾಗನ್ನಿನ ತಲೆ ಮೇಲೆ ಬಣ್ಣದ ಗುರುತು ಇಡ್ತಿದ್ದರು. 1961ರಲ್ಲಿ ಡಗ್ ಸ್ಮಿತ್ ಅನ್ನೋರು ‘ಮಾಡೆಲ್ ರೈಲ್‌ರೋಡರ್’ನಲ್ಲಿ ಕಾರ್ಡಿನ ಪದ್ಧತಿಯೊಂದನ್ನ ವಿವರಿಸಿ ಬರೆದರು. ಅದರ ಬೇರೆಬೇರೆ ರೂಪಗಳು ಇವತ್ತಿಗೂ ಬಳಕೆಯಲ್ಲಿವೆ.

ನಂತರದ ವರ್ಷಗಳಲ್ಲಿ ಎಲ್ಲೆಡೆ ಹರಡಿದ ರೂಪ ಹೀಗಿದೆ. ಪ್ರತಿ ವ್ಯಾಗನ್ನಿಗೆ ಒಂದು ಕಾರ್ಡ್, ಅದರಲ್ಲೊಂದು ಪುಟ್ಟ ಜೇಬು. ಜೇಬಿನೊಳಗೆ ಒಂದು ಚೀಟಿ. ಚೀಟಿಗೆ ನಾಲ್ಕು ಅಂಚು, ನಾಲ್ಕು ಪ್ರಯಾಣ. ಮೊದಲನೆಯದು: ಖಾಲಿ ಡಬ್ಬಿ ಕುರ್ಚಿ ಮೇಜು ಮಾಡೋ ಕಾರ್ಖಾನೆಗೆ. ಎರಡನೆಯದು: ಪೀಠೋಪಕರಣ ತುಂಬಿಕೊಂಡು ದೂರದ ಷಿಕಾಗೋಗೆ. ಮೂರನೆಯದು: ಅಲ್ಲಿಂದ ಯಂತ್ರದ ಭಾಗಗಳನ್ನ ಹೊತ್ತು ನಮ್ಮ ಊರಿನ ಗೋದಾಮಿಗೆ. ನಾಲ್ಕನೆಯದು: ಖಾಲಿಯಾಗಿ ಯಾರ್ಡಿಗೆ. ಕೆಲಸ ಮುಗಿದ ಮೇಲೆ ಮಾಲೀಕ ಚೀಟಿಯನ್ನ ತಿರುಗಿಸಿ ಇಡ್ತಾನೆ, ಅಷ್ಟೇ. ಮುಂದಿನ ವಾರ ಗೆಳೆಯರು ಬಂದಾಗ ಪ್ರತಿ ವ್ಯಾಗನ್ನಿಗೂ ಹೊಸ ಕೆಲಸ.

ವ್ಯಾಗನ್ ಖಾಲಿಯೇ ಇರಲಿ, ಮುಚ್ಚಿದ ಬಾಗಿಲೊಳಗೆ ಏನಿದೆ ಅಂತ ಯಾರಿಗೆ ಕಾಣುತ್ತೆ? ಚೀಟಿಯಲ್ಲಿ ಅಕ್ಕಿ ಅಂತ ಇದ್ದರೆ ಅಕ್ಕಿ.

ಒಂದು ಲೋಕಲ್ ಗೂಡ್ಸ್ ಹತ್ತೋಣ

ಇದನ್ನ ಆಡೋದು ಹೇಗಿರುತ್ತೆ ಅಂತ ನೋಡೋಣ. ನಿಮ್ಮ ಕೈಗೆ ಐದು ಕಾರ್ಡ್ ಕೊಟ್ಟರು, ಐದು ವ್ಯಾಗನ್. ಪೂರ್ವ ದಿಕ್ಕಿಗೆ ಹೊರಟಿದ್ದೀರಿ. ಮೊದಲ ಸ್ಟೇಷನ್ನಿನಲ್ಲಿ ಎರಡು ವ್ಯಾಗನ್ ಬಿಡಬೇಕು, ಒಂದನ್ನ ಎತ್ತಬೇಕು.

ಮೊದಲ ಸೈಡಿಂಗ್ ಸುಲಭ. ಅದು ನಿಮ್ಮ ಹಿಂದಕ್ಕೆ ಕವಲೊಡೆದಿದೆ. ಪಾಯಿಂಟ್ಸ್ ದಾಟಿ ಮುಂದೆ ಹೋಗಿ, ಹಿಂದಕ್ಕೆ ತಳ್ಳಿದರೆ ವ್ಯಾಗನ್ ಒಳಗೆ. ಎರಡನೇದು ಮುಂದಕ್ಕೆ ಕವಲೊಡೆದಿದೆ. ಅಲ್ಲಿಗೆ ನೇರ ಹೋದರೆ ಎಂಜಿನ್ನೇ ಮೊದಲು ಒಳಗೆ ಹೋಗಿ ಸಿಕ್ಕಿಕೊಳ್ಳುತ್ತೆ. ಹಾಗಾಗಿ ಲೂಪ್ ಇರೋ ಕಡೆ ನಿಲ್ಲಿಸಿ, ಎಂಜಿನ್ ಬಿಚ್ಚಿ, ಪಕ್ಕದ ಹಳಿಯಿಂದ ಸುತ್ತಿ ಬಂದು, ವ್ಯಾಗನ್ನನ್ನ ಮುಂದಿಟ್ಟುಕೊಂಡು ತಳ್ಳಬೇಕು. ಇಲ್ಲವೇ ವಾಪಸ್ ಬರುವಾಗ ಬಿಡೋಣ ಅಂತ ಜೊತೆಗೇ ಒಯ್ಯಬೇಕು. ನಿಜವಾದ ಗಾರ್ಡು, ಶಂಟರುಗಳು ದಿನಾ ಮಾಡ್ತಿದ್ದ ಯೋಚನೆಯೇ ಇದು. ಅಷ್ಟರಲ್ಲಿ ಗಡಿಯಾರ ಓಡ್ತಿದೆ, ಮೇನ್ ಲೈನ್ ಖಾಲಿ ಮಾಡು ಅಂತ ಡಿಸ್ಪ್ಯಾಚರ್ ಫೋನು.

ಗಮನಿಸಿ, ಇಲ್ಲಿ ಜೋರಾಗಿ ಓಡಿಸಿದವನಿಗೆ ಬೆಲೆ ಇಲ್ಲ. ನಿಧಾನ ಓಡಿಸಿ, ಮೊದಲೇ ಲೆಕ್ಕ ಹಾಕಿದವನೇ ಗೆಲ್ಲೋದು.

ಗೋಡೆಯ ಆಚೆ

ಇನ್ನೂ ಒಂದು ತುಂಡು ಬಾಕಿ. ಚೀಟಿಯಲ್ಲಿ ಷಿಕಾಗೋ ಅಂತ ಇದೆ, ಕೋಣೆಯಲ್ಲಿ ಷಿಕಾಗೋ ಎಲ್ಲಿದೆ? ಒಹಾಯೊದ ಡೇಟನ್ ಊರಿನ ಆಲನ್ ಮೆಕ್‌ಕ್ಲೆಲಂಡ್ ಇದಕ್ಕೆ ಕೊಟ್ಟ ಉತ್ತರ ಹೆಸರುವಾಸಿ. ಅವರ ‘ವರ್ಜಿನಿಯನ್ ಅಂಡ್ ಒಹಾಯೊ’ ಕಲ್ಪನೆಯ ಕಲ್ಲಿದ್ದಲು ರೈಲ್ವೆ. ಆದರೆ ಅದು ನೆಲಮಾಳಿಗೆಯ ಗೋಡೆಗೆ ಮುಗಿಯಲ್ಲ, ಇಡೀ ದೇಶದ ರೈಲುಜಾಲದ ಒಂದು ತುಣುಕು ಅಂತ ಅವರು ನೋಡಿದರು. ಇಂಥ ರೈಲ್ವೆಯಲ್ಲಿ ಗಾಡಿಗಳು ಮರೆಯಲ್ಲಿರೋ ಹಳಿಗಳಿಂದ ಬರ್ತವೆ, ಕಣ್ಣೆದುರು ಕೆಲಸ ಮಾಡ್ತವೆ, ಮತ್ತೆ ಮರೆಗೆ ಹೋಗ್ತವೆ. ಆ ಮರೆಯೇ ಷಿಕಾಗೋ, ಅದೇ ಸಮುದ್ರದ ಬಂದರು. ವೇಷ ಚೌಕಿಯಿಂದ ರಂಗಸ್ಥಳಕ್ಕೆ ಬಂದು ಮತ್ತೆ ಚೌಕಿಗೆ ಹೋಗೋ ಹಾಗೆ.

ಕಲ್ಲಿದ್ದಲಿಗೆ ಹವ್ಯಾಸಿಗಳು ಇನ್ನೊಂದು ಜಾಣತನ ಮಾಡಿದ್ದಾರೆ. ತೆರೆದ ವ್ಯಾಗನ್ನಿನಲ್ಲಿ ಸರಕು ಕಾಣುತ್ತಲ್ಲ, ಚೀಟಿ ತಿರುಗಿಸಿದರೆ ಸಾಲದು. ಅದಕ್ಕೆ ಗಣಿ ಮತ್ತು ವಿದ್ಯುತ್ ಸ್ಥಾವರ ಎರಡನ್ನೂ ಒಂದೇ ಗುಡ್ಡದ ಈ ಕಡೆ ಆ ಕಡೆ ಕಟ್ಟಿ, ಒಳಗಿಂದ ಹಳಿ ಜೋಡಿಸ್ತಾರೆ. ಗಣಿಗೆ ತಳ್ಳಿದ ಖಾಲಿ ಗಾಡಿ ಸ್ಥಾವರದ ಕಡೆ ಖಾಲಿಯಾಗಿಯೇ ಹೊರಬರುತ್ತೆ. ಸ್ಥಾವರಕ್ಕೆ ತಳ್ಳಿದ ತುಂಬಿದ ಗಾಡಿ ಗಣಿಯಿಂದ ತುಂಬಿಯೇ ಬರುತ್ತೆ. ಯಾರೂ ಕೈಯಲ್ಲಿ ಕಲ್ಲಿದ್ದಲು ಮುಟ್ಟಬೇಕಿಲ್ಲ.

ಸುಟ್ಟದ್ದು, ಉಳಿದದ್ದು

1973ರ ಜನವರಿ 6ರಂದು ಜಾನ್ ಆಲನ್ ತೀರಿಕೊಂಡರು. ಸುಮಾರು ಹತ್ತು ದಿನದಲ್ಲಿ ಬೆಂಕಿ ಬಿದ್ದು ಅವರ ರೈಲ್ವೆ ಹಾಳಾಯ್ತು. ಎಷ್ಟೋ ವರ್ಷ ಕೂತು ಕಟ್ಟಿದ ಬೆಟ್ಟ, ಸೇತುವೆ, ಊರುಗಳು ಹೋದವು. ಉಳಿದದ್ದು ಚಿತ್ರಗಳು, ಜೊತೆಗೆ ನಡೆಸೋ ಕ್ರಮ. ಆ ಕ್ರಮ ಆಡಿದವರ ತಲೆಯಲ್ಲಿತ್ತು, ಅಚ್ಚಿನಲ್ಲಿತ್ತು, ಹಾಗಾಗಿ ಬೆಂಕಿಗೆ ಸಿಗಲಿಲ್ಲ. ಅವರು ರೂಪಿಸಿದ ‘ಟೈಮ್‌ಸೇವರ್’ ಅನ್ನೋ ಶಂಟಿಂಗ್ ಒಗಟು 1972ರಲ್ಲಿ ಪತ್ರಿಕೆಯಲ್ಲಿ ಬಂದಿತ್ತು. ಜನ ಅದನ್ನ ಇಂದಿಗೂ ಕಟ್ತಾರೆ.

ಆದರೆ ನನಗೆ ಇದಕ್ಕಿಂತ ದೊಡ್ಡದಾಗಿ ಕಾಣೋದು ಇನ್ನೊಂದು ಉಳಿಕೆ. ಸ್ಮಿತ್ ತಮ್ಮ ಕಾರ್ಡ್ ಪದ್ಧತಿ ಬರೆಯೋ ಹೊತ್ತಿಗೆ ನಿಜವಾದ ರೈಲ್ವೆ ಆ ಕೆಲಸದಿಂದ ಕೈ ತೆಗೀತಾ ಇತ್ತು. 1956ರ ಏಪ್ರಿಲ್‌ನಲ್ಲಿ ಮಾಲ್ಕಮ್ ಮೆಕ್‌ಲೀನ್ ಅವರ ‘ಐಡಿಯಲ್ ಎಕ್ಸ್’ ಹಡಗು 58 ಕಂಟೇನರ್ ಹೊತ್ತು ನೆವಾರ್ಕ್‌ನಿಂದ ಹ್ಯೂಸ್ಟನ್‌ಗೆ ಹೊರಟಿತು. ಅದೇ ವರ್ಷ ಅಮೆರಿಕದಲ್ಲಿ ಹೊಸ ಹೆದ್ದಾರಿಗಳ ಕಾನೂನು ಬಂತು, ಚಿಲ್ಲರೆ ಸರಕು ಲಾರಿಗೆ ಹೋಯ್ತು. 1960ರ ದಶಕದಿಂದ ಇಡೀ ಗಾಡಿಗೆ ಒಂದೇ ಸರಕು, ಒಂದೇ ವಿಳಾಸ ಅನ್ನೋ ಪದ್ಧತಿ ಬೆಳೀತು.

ನಮ್ಮಲ್ಲೂ ಇದೇ ಆಯ್ತು. 1980ರ ದಶಕದಲ್ಲಿ ಭಾರತೀಯ ರೈಲ್ವೆ ಬಿಡಿ ವ್ಯಾಗನ್ ಬಿಟ್ಟು ಪೂರ್ತಿ ರೇಕಿನ ಕಡೆ ತಿರುಗಿತು. ಇಂದು ಕಲ್ಲಿದ್ದಲಿನ ಒಂದು ಬಾಕ್ಸ್-ಎನ್ ರೇಕ್ ಅಂದ್ರೆ ಸುಮಾರು 58 ವ್ಯಾಗನ್, ಹೊರಟ ಕಡೆಯಿಂದ ಮುಟ್ಟೋ ಕಡೆಗೆ ಬಿಚ್ಚದೆ ಹೋಗುತ್ತೆ. ಲೆಕ್ಕದಲ್ಲಿ ಅದೇ ಸರಿ. ಆದರೆ ಸಣ್ಣ ಸ್ಟೇಷನ್ನಿನ ಗೂಡ್ಸ್ ಶೆಡ್ಡಿಗೆ ಬರ್ತಿದ್ದ ಒಂದೇ ಒಂದು ವ್ಯಾಗನ್, ಅದನ್ನ ಬಿಡಿಸಿಕೊಳ್ಳೋಕೆ ಬರ್ತಿದ್ದ ಅಂಗಡಿಯವರು, ದೀಪ ಬೀಸಿ ಶಂಟಿಂಗ್ ಮಾಡ್ತಿದ್ದವರ ಕೈಚಳಕ, ಇವು ಹಿಂದೆ ಸರಿದವು. ಹೊರ ಊರುಗಳಲ್ಲಿ ರೈಲ್ವೆ ನೌಕರಿ ಮಾಡಿ ರಿಟೈರ್ ಆದ ನಮ್ಮ ಹಿರಿಯರು ಈಗಲೂ ಇದ್ದಾರೆ. ಆ ಕೆಲಸ ಹೇಗಿತ್ತು ಅಂತ ನಾವು ಕೂತು ಕೇಳಿದ್ದು ಕಡಿಮೆ.

ಕಟ್ಟಡವನ್ನ ಮ್ಯೂಸಿಯಂ ಉಳಿಸುತ್ತೆ, ಎಂಜಿನ್ನನ್ನೂ ಉಳಿಸುತ್ತೆ. ಕೆಲಸದ ಕ್ರಮವನ್ನ ಉಳಿಸೋಕೆ ಅದನ್ನ ಮಾಡ್ತಾನೇ ಇರಬೇಕು. ನೆಲಮಾಳಿಗೆಯ ಈ ಹವ್ಯಾಸಿಗಳು ತಮಗೆ ಬೇಜಾರಾಗದಿರಲಿ ಅಂತ ಶುರು ಮಾಡಿದ್ದು, ಒಂದು ಕಾಲದ ದುಡಿಮೆಯ ದಾಖಲೆ ಆಗಿಹೋಯ್ತು.

ಎಂಟು ಬೆಂಕಿಪೊಟ್ಟಣ

ಮುಂಬೈ ಫ್ಲ್ಯಾಟಿನಲ್ಲಿ ನೆಲಮಾಳಿಗೆ ಎಲ್ಲಿಂದ ತರೋದು ಅಂತೀರಾ? ಬ್ರಿಟನ್ನಿನ ಆಲನ್ ರೈಟ್ ಇದಕ್ಕೆ ದಾರಿ ತೋರಿಸಿದ್ದಾರೆ. ಅವರ ‘ಇಂಗಲ್‌ನೂಕ್ ಸೈಡಿಂಗ್ಸ್’ನಲ್ಲಿ ಮೂರೇ ಹಳಿ: ಒಂದರಲ್ಲಿ ಐದು ವ್ಯಾಗನ್, ಉಳಿದೆರಡರಲ್ಲಿ ಮೂರು ಮೂರು ಹಿಡಿಸುತ್ತವೆ. ಎಂಜಿನ್ ಓಡಾಡೋ ತುದಿಯಲ್ಲಿ ಎಂಜಿನ್ ಮತ್ತು ಮೂರು ವ್ಯಾಗನ್ನಿಗೆ ಜಾಗ. ಒಟ್ಟು ಎಂಟು ವ್ಯಾಗನ್. ಚೀಟಿ ಎತ್ತಿ ಐದನ್ನ ಆರಿಸಿ, ಬಂದ ಅನುಕ್ರಮದಲ್ಲೇ ಗಾಡಿ ಕಟ್ಟಬೇಕು. ಹಾಗೆ 6720 ಬೇರೆಬೇರೆ ಗಾಡಿ ಕಟ್ಟಬಹುದು. ಪುಸ್ತಕದ ಕಪಾಟಿನ ಒಂದು ಹಲಗೆ ಸಾಕು. ಹಲಗೆಯೂ ಬೇಡ, ಮೇಜಿನ ಮೇಲೆ ಚಾಕ್‌ಪೀಸಿನಲ್ಲಿ ಗೆರೆ ಎಳೆದು, ಎಂಟು ಬೆಂಕಿಪೊಟ್ಟಣಕ್ಕೆ ನಂಬರ್ ಬರೆದು ಆಡಿ ನೋಡಿ. ಮಕ್ಕಳನ್ನೂ ಕೂರಿಸಿಕೊಳ್ಳಿ.

ಮನೆಯಲ್ಲಿ ಅಥವಾ ಬಿಲ್ಡಿಂಗಿನಲ್ಲಿ ರೈಲ್ವೆಯ ಹಿರಿಯರು ಯಾರಾದರೂ ಇದ್ದರೆ ಅವರನ್ನ ಮೊದಲು ಕರೀರಿ. ಬೆಂಕಿಪೊಟ್ಟಣ ಜರುಗಿಸ್ತಾ ಜರುಗಿಸ್ತಾ ಅವರ ಬಾಯಿಂದ ಕಥೆ ತಾನಾಗೇ ಬರುತ್ತೆ. ಬರೆದಿಟ್ಟುಕೊಳ್ಳಿ.

ಮುಂದಿನ ಮಾತಿನಲ್ಲಿ ಸಿಗೋಣ. ನಮಸ್ಕಾರ.